ಸೈಕಲ್ಲಿಗೂ ಒಂದು ಮೈ ಅಳತೆ

ಬಳ್ಳಾರಿಯ ಯಾವ ಸೈಕಲ್ ಅಂಗಡಿಗೆ ಹೋದರೂ ಮೊದಲು ಎದುರಾಗುವ ಪ್ರಶ್ನೆ ಒಂದೇ: ಎಷ್ಟು ಇಂಚಿನದು ಬೇಕು? 26 ಎಂದೋ, 27.5 ಎಂದೋ, 29 ಎಂದೋ ನಾವು ಉತ್ತರ ಕೊಡುತ್ತೇವೆ. ಅದು ಚಕ್ರದ ಅಳತೆ. ಸೈಕಲ್ ಏರುವವರ ಕಾಲು ಎಷ್ಟುದ್ದ, ತೋಳು ಎಷ್ಟುದ್ದ, ಸೊಂಟ ಎಷ್ಟು ಬಾಗೀತು, ದಿನಕ್ಕೆ ಎಷ್ಟು ದೂರ ತುಳಿಯಬೇಕು ಎಂಬ ಮಾತು ಆ ವ್ಯವಹಾರದಲ್ಲಿ ಬರುವುದೇ ಇಲ್ಲ. ಊರೂರಿಗೆ ಜೀನ್ಸ್ ಪ್ಯಾಂಟು ಹೊಲಿದು ಕಳಿಸುವ ಊರಿನಲ್ಲಿ ಇದು ನನಗೆ ವಿಚಿತ್ರವಾಗಿ ಕಾಣುತ್ತದೆ. ಇಲ್ಲಿನ ಕಟಿಂಗ್ ಮಾಸ್ಟರ್ ಬಳಿ ಹೋಗಿ ಬರೀ ಬಟ್ಟೆಯ ಉದ್ದವನ್ನು ಹೇಳಿ ಪ್ಯಾಂಟು ಹೊಲಿದುಕೊಡಿ ಎಂದರೆ ಅವರು ಒಪ್ಪುವುದಿಲ್ಲ. ಸೊಂಟ, ತೊಡೆ, ಒಳಗಾಲು ಎಲ್ಲವನ್ನೂ ಟೇಪು ಹಿಡಿದು ನೋಡಿದ ಮೇಲೆಯೇ ಕತ್ತರಿ ಕೈಗೆತ್ತಿಕೊಳ್ಳುತ್ತಾರೆ. ಪ್ಯಾಂಟು ಹೊಂದದಿದ್ದರೆ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೆ. ಸೈಕಲ್ ಹೊಂದದಿದ್ದರೆ ಮಂಡಿ, ಸೊಂಟ, ಕುತ್ತಿಗೆ, ಅಂಗೈ ಎಲ್ಲವೂ ಅದಕ್ಕೆ ದಂಡ ತೆರುತ್ತವೆ.

ನಾನು ಪಾಠ ಹೇಳುವ ಶಾಲೆಯ ಸಹೋದ್ಯೋಗಿಗಳಲ್ಲಿಯೂ ನಮ್ಮ ಬಂಧುಬಳಗದಲ್ಲಿಯೂ ಆಸೆಯಿಂದ ಸೈಕಲ್ ಕೊಂಡು ಕೆಲವೇ ವಾರಗಳಲ್ಲಿ ಬಿಟ್ಟವರನ್ನು ಸಾಕಷ್ಟು ನೋಡಿದ್ದೇನೆ. ಒಬ್ಬರಿಗೆ ಮಂಡಿಚಿಪ್ಪಿನ ಸುತ್ತ ನೋವು, ಇನ್ನೊಬ್ಬರಿಗೆ ಬೆರಳು ಜೋಮು ಹಿಡಿಯುವುದು, ಮತ್ತೊಬ್ಬರಿಗೆ ಸೀಟಿನ ಮೇಲೆ ಕೂರಲಾಗದಷ್ಟು ಉರಿ. “ನಮ್ಮ ವಯಸ್ಸಿಗೆ ಇದೆಲ್ಲ ಆಗಲ್ಲ ಬಿಡ್ರಿ” ಎಂದು ಅವರು ತಮ್ಮ ಮೈಯನ್ನೇ ದೂರುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಬಹಳಷ್ಟು ಸಲ ಅವರ ಮೈಯಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಸೀಟು ನಾಲ್ಕು ಬೆರಳಷ್ಟು ಕೆಳಗಿರುತ್ತದೆ, ಹ್ಯಾಂಡಲ್ ಕೈಗೆ ದೂರವಾಗಿರುತ್ತದೆ, ಇಲ್ಲವೇ ಸೀಟಿನ ಮೂತಿ ಮೇಲಕ್ಕೆ ಎದ್ದಿರುತ್ತದೆ. ಇವುಗಳಲ್ಲಿ ಹೆಚ್ಚಿನವನ್ನು ಒಂದು ಪಾನಾ ಹಿಡಿದು ಹತ್ತು ನಿಮಿಷದಲ್ಲಿ ಸರಿಪಡಿಸಬಹುದು. ಸೈಕಲ್ಲನ್ನು ಮೈಗೆ ಹೊಂದಿಸಿಕೊಳ್ಳುವುದು ರೇಸಿಗೆ ಹೋಗುವವರ ಶೋಕಿ ಎಂಬ ಭಾವನೆ ನಮ್ಮಲ್ಲಿದೆ. ಅದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ಶಾಲೆಗೆ, ಹೊಲಕ್ಕೆ, ಹೊಲಿಗೆ ಘಟಕಕ್ಕೆ, ಮನೆಮನೆಗೆ ಹಾಲು ಹಾಕುವುದಕ್ಕೆ ದಿನವೂ ತುಳಿಯಲೇಬೇಕಾದವರಿಗೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಹವ್ಯಾಸಕ್ಕೆ ತುಳಿಯುವವರು ನೋವಾದರೆ ನಿಲ್ಲಿಸಬಹುದು, ಇವರು ನಿಲ್ಲಿಸುವಂತಿಲ್ಲ.

ಚಕ್ರದ ಇಂಚನ್ನು ಕೇಳುವುದು ಸರಿಯಾಗಿಯೇ ಇದ್ದ ಒಂದು ಕಾಲವಿತ್ತು. 1870ರ ದಶಕದಲ್ಲಿ ಇಂಗ್ಲೆಂಡಿನ ರಸ್ತೆಗಳಲ್ಲಿ ಓಡಾಡಿದ ಎತ್ತರದ ಸೈಕಲ್ಲಿನಲ್ಲಿ ಚೈನು ಇರಲಿಲ್ಲ; ಪೆಡಲುಗಳು ಮುಂದಿನ ದೊಡ್ಡ ಚಕ್ರದ ನಡುವಿಗೇ ಜೋಡಣೆಯಾಗಿದ್ದವು. ಪೆಡಲು ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು ಬರುತ್ತಿದ್ದುದರಿಂದ ಚಕ್ರ ದೊಡ್ಡದಾದಷ್ಟೂ ವೇಗ ಹೆಚ್ಚುತ್ತಿತ್ತು. ಆದರೆ ಚಕ್ರದ ನೆತ್ತಿಯ ಮೇಲೆ ಕುಳಿತವರ ಕಾಲು ಪೆಡಲಿಗೆ ಎಟುಕಬೇಕಾದದ್ದರಿಂದ, ಕಾಲಿನ ಉದ್ದವೇ ಚಕ್ರದ ಮಿತಿಯನ್ನು ಗೊತ್ತುಮಾಡುತ್ತಿತ್ತು. 50 ಇಂಚಿನದು ಬೇಕೋ 54 ಇಂಚಿನದು ಬೇಕೋ ಎಂದು ಕೇಳಿದರೆ ಅದು ಕಾಲಿನ ಅಳತೆಯನ್ನು ಕೇಳಿದಂತೆಯೇ ಆಗುತ್ತಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಅವರು ಚೈನಿನಿಂದ ಹಿಂದಿನ ಚಕ್ರವನ್ನು ತಿರುಗಿಸುವ ರೋವರ್ ಸೈಕಲ್ಲನ್ನು ತಂದರು. ಹಲ್ಲಿನ ಚಕ್ರಗಳ ಲೆಕ್ಕದಿಂದಲೇ ವೇಗವನ್ನು ಪಡೆಯುವುದು ಸಾಧ್ಯವಾದಾಗ ಚಕ್ರಕ್ಕೂ ಕಾಲಿಗೂ ಇದ್ದ ನೇರ ಸಂಬಂಧ ಕಡಿದುಹೋಯಿತು. ಇಂದು ನಾವು ತುಳಿಯುವ ಸೈಕಲ್ಲುಗಳೆಲ್ಲ ಆ ರೋವರಿನ ವಂಶದವು. ಇವುಗಳಲ್ಲಿ ಮೈಗೆ ಹೊಂದಬೇಕಾದದ್ದು ಫ್ರೇಮು, ಸೀಟು, ಹ್ಯಾಂಡಲ್ ಮತ್ತು ಪೆಡಲಿನ ನಡುವಿನ ಅಂತರಗಳು. ನಾವು ಮಾತ್ರ ಈಗಲೂ ಚಕ್ರವನ್ನೇ ಕೇಳುತ್ತಿದ್ದೇವೆ.

ನಮ್ಮ ಕಡೆಯ ಕಪ್ಪು ಸೈಕಲ್ಲನ್ನೇ ನೋಡಿ. 28 ಇಂಚಿನ ಚಕ್ರದ ಈ ಸೈಕಲ್ಲಿನ ಫ್ರೇಮು ಬಹುಮಟ್ಟಿಗೆ 22 ಇಂಚು ಮತ್ತು 24 ಇಂಚು ಎಂಬ ಎರಡು ಅಳತೆಗಳಲ್ಲಿ ಸಿಗುತ್ತ ಬಂದಿದೆ. ಫ್ರೇಮಿನ ಅಳತೆ ಎಂದರೆ ಪೆಡಲಿನ ದಂಡ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಪಿಲ್ಲರು ಇಳಿಯುವ ಕೊಳವೆಯ ಮೇಲ್ತುದಿಯವರೆಗಿನ ಉದ್ದ. 24 ಇಂಚು ಎಂದರೆ 61 ಸೆಂಟಿಮೀಟರ್. ಆ ಕೊಳವೆ ಹಿಂದಕ್ಕೆ ವಾಲಿರುವುದರಿಂದ ನೇರ ಎತ್ತರದಲ್ಲಿ ಸುಮಾರು 56 ಸೆಂಟಿಮೀಟರ್ ಸಿಗುತ್ತದೆ. ಅಚ್ಚು ನೆಲದಿಂದ ಹೆಚ್ಚುಕಡಿಮೆ 30 ಸೆಂಟಿಮೀಟರ್ ಮೇಲಿರುತ್ತದೆ. ಎರಡನ್ನೂ ಕೂಡಿದರೆ ಫ್ರೇಮಿನ ಮೇಲಿನ ಅಡ್ಡ ಬಾರು ನೆಲದಿಂದ 85 ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಐದೂವರೆ ಅಡಿ ಎತ್ತರದ ಗಂಡಸಿನ ಒಳಗಾಲು, ಅಂದರೆ ತೊಡೆಸಂದಿಯಿಂದ ನೆಲದವರೆಗಿನ ಉದ್ದ, ಸಾಮಾನ್ಯವಾಗಿ 80 ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಅಂದರೆ ಈ ಸೈಕಲ್ಲಿನ ಎರಡೂ ಬದಿಗೆ ಕಾಲು ಊರಿ ಸುಮ್ಮನೆ ನಿಲ್ಲುವುದು ಸಹ ನಮ್ಮಲ್ಲಿ ಬಹಳ ಜನರಿಗೆ ಸಾಧ್ಯವಿಲ್ಲ. ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಎರಡು ಮೂರು ಸಲ ಒದ್ದು, ಓಡುವ ಸೈಕಲ್ಲಿನ ಕ್ಯಾರಿಯರ್ ಮೇಲಿಂದ ಕಾಲು ಹಾಯಿಸಿ ಹತ್ತುವ ನಮ್ಮ ಹಿರಿಯರ ಚಾಕಚಕ್ಯತೆ ಈ ಎತ್ತರದ ಬಾರಿಗೆ ಮೈ ಕಂಡುಕೊಂಡ ದಾರಿ. ಬಾರಿನ ಕೆಳಗೆ ಕಾಲು ತೂರಿಸಿ, ಮೈಯನ್ನು ಓರೆ ಮಾಡಿಕೊಂಡು ಒಳಪೆಡಲು ಹೊಡೆಯುವ ಮಕ್ಕಳದೂ ಅದೇ ದಾರಿ. ದೊಡ್ಡವರ ಸೈಕಲ್ಲಿಗೆ ಸಣ್ಣ ಮೈ ಹೊಂದಿಕೊಂಡ ಪರಿ ಅದು.

ಆ ಕಪ್ಪು ಸೈಕಲ್ಲಿನ ಮೇಲೆ ನನಗೆ ಗೌರವವಿದೆ ಎಂಬುದನ್ನೂ ಹೇಳಬೇಕು. ವಾಲಿದ ಫ್ರೇಮು, ಎದೆಯ ಹತ್ತಿರಕ್ಕೆ ಬರುವ ಹ್ಯಾಂಡಲ್, ಸ್ಪ್ರಿಂಗಿನ ಅಗಲ ಸೀಟು, ಇವೆಲ್ಲ ಕುಣಿಬಿದ್ದ ದಾರಿಯಲ್ಲಿ ನೆಟ್ಟಗೆ ಕುಳಿತು, ಹಿಂದೆ ಹುಲ್ಲಿನ ಹೊರೆಯನ್ನೋ ಹಾಲಿನ ಕ್ಯಾನನ್ನೋ ಕಟ್ಟಿಕೊಂಡು ನಿಧಾನವಾಗಿ ಸಾಗುವುದಕ್ಕೆ ತಕ್ಕ ಏರ್ಪಾಡುಗಳು. ಅಳತೆ ಸರಿಯಿರುವವರಿಗೆ ಅದು ಜೀವಮಾನವಿಡೀ ನೋವಿಲ್ಲದೆ ನಡೆದಿದೆ. ಬಾರು ಎತ್ತರವಾದವರಿಗೆ ಮಾತ್ರ ಒಂದು ಕಷ್ಟವಿತ್ತು: ಹತ್ತಿ ಇಳಿಯಲು ಅನುಕೂಲವಾಗಲೆಂದು ಸೀಟನ್ನು ಅವರು ಪೂರ್ತಿ ತಳಕ್ಕೆ ಇಳಿಸುತ್ತಿದ್ದರು. ಬಾರಿಲ್ಲದ, ತಗ್ಗಿನ ಫ್ರೇಮಿನ ಸೈಕಲ್ಲುಗಳು ಬಂದ ಮೇಲೂ ಸೀಟನ್ನು ತಳದಲ್ಲಿಡುವ ಅಭ್ಯಾಸ ಮಾತ್ರ ಉಳಿದುಕೊಂಡಿದೆ.

ಶಾಲೆಯಲ್ಲಿ ನನ್ನ ಕಣ್ಣಿಗೆ ದಿನವೂ ಬೀಳುವುದು ಇದೇ. ಕರ್ನಾಟಕದಲ್ಲಿ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭವಾದ ಮೇಲೆ, ಹೈಸ್ಕೂಲಿಲ್ಲದ ಹಳ್ಳಿಗಳ ಹೆಣ್ಣುಮಕ್ಕಳು ಮುಂದಕ್ಕೆ ಓದುವುದಕ್ಕೆ ಅದು ಎಂಥ ಆಸರೆಯಾಯಿತೆಂಬುದನ್ನು ಈ ಭಾಗದ ಶಿಕ್ಷಕರೆಲ್ಲ ಬಲ್ಲರು. ಮೋಕಾ ರಸ್ತೆಯಲ್ಲಿ, ಸಂಗನಕಲ್ಲಿನ ಕಡೆಯಿಂದ, ಕಾಲುವೆಯ ದಂಡೆಗುಂಟ ಸಾಲುಸಾಲಾಗಿ ಬರುವ ಆ ಸೈಕಲ್ಲುಗಳನ್ನು ಕಂಡರೆ ಈಗಲೂ ನನ್ನ ಮನಸ್ಸು ಅರಳುತ್ತದೆ. ಆದರೆ ಎಂಟನೇ ತರಗತಿಯ ಮಕ್ಕಳ ಮೈ ಒಂದೇ ಅಚ್ಚಿನದಾಗಿರುವುದಿಲ್ಲ. ಬಿಡುವಿನ ಒಂದು ಪೀರಿಯಡ್ಡಿನಲ್ಲಿ ನಾನು ನಮ್ಮ ಹುಡುಗಿಯರ ಒಳಗಾಲನ್ನು ಅಳೆದೆ. ಬರಿಗಾಲಿನಲ್ಲಿ, ಪಾದಗಳ ನಡುವೆ ಒಂದು ಗೇಣಿಗಿಂತ ಕಡಿಮೆ ಅಂತರವಿಟ್ಟು, ಬೆನ್ನನ್ನು ಗೋಡೆಗೆ ಆನಿಸಿ ನಿಲ್ಲಬೇಕು. ಗಟ್ಟಿ ರಟ್ಟಿನ ಹಾಜರಿ ಪುಸ್ತಕವನ್ನು ಕಾಲುಗಳ ನಡುವೆ ಹಿಡಿದು, ಅದರ ಒಂದು ಅಂಚು ಗೋಡೆಗೆ ಮಟ್ಟವಾಗಿ ತಾಗುವಂತೆ, ಸೀಟಿನ ಮೇಲೆ ಕುಳಿತಾಗ ಒತ್ತುವಷ್ಟೇ ಬಿಗಿಯಾಗಿ ಮೇಲಕ್ಕೆ ಒತ್ತಿಕೊಳ್ಳಬೇಕು. ಪುಸ್ತಕದ ಮೇಲಂಚು ಗೋಡೆಯನ್ನು ಮುಟ್ಟಿದಲ್ಲಿ ಗೆಳತಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಾಳೆ. ಹೊಲಿಗೆಯ ಟೇಪಿನಿಂದ ನೆಲದವರೆಗೆ ಅಳೆದರೆ ಮುಗಿಯಿತು. ಒಂದೇ ಬೆಂಚಿನಲ್ಲಿ ಕೂರುವ ಇಬ್ಬರಲ್ಲಿ ಒಬ್ಬಳದು 63 ಸೆಂಟಿಮೀಟರ್, ಇನ್ನೊಬ್ಬಳದು 74. ಇಬ್ಬರ ಸೈಕಲ್ಲಿನ ಸೀಟೂ ಜೋಡಣೆಯಾದ ದಿನ ಎಲ್ಲಿತ್ತೋ ಅಲ್ಲಿಯೇ ಇತ್ತು. ಆ ವಯಸ್ಸಿನಲ್ಲಿ ಮಕ್ಕಳು ಒಂದೇ ವರ್ಷದಲ್ಲಿ ಐದಾರು ಸೆಂಟಿಮೀಟರ್, ಕೆಲವರು ಅದಕ್ಕಿಂತಲೂ ಹೆಚ್ಚು ಬೆಳೆಯುತ್ತಾರೆ. ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಮಂಡಿಗಳು ಹ್ಯಾಂಡಲ್ಲಿಗೆ ತಾಗುವಂತೆ ತುಳಿಯುತ್ತಿರುತ್ತಾರೆ, ಸೀಟನ್ನು ಎತ್ತಬೇಕೆಂಬುದು ಯಾರಿಗೂ ಹೊಳೆದಿರುವುದಿಲ್ಲ.

ಒಳಗಾಲಿನ ಅಳತೆಯಿಂದ ಸೀಟಿನ ಎತ್ತರ ಕಂಡುಹಿಡಿಯಲು ಎರಡು ಲೆಕ್ಕಗಳು ಬಳಕೆಯಲ್ಲಿವೆ. ಮೊದಲನೆಯದನ್ನು ಫ್ರಾನ್ಸಿನ ತರಬೇತುದಾರ ಸಿರಿಲ್ ಗಿಮಾರ್ ಅವರಿಂದ ಕಲಿತು ಪ್ರಚಾರಕ್ಕೆ ತಂದವರು ಟೂರ್ ದ ಫ್ರಾನ್ಸ್ ಎಂಬ ದೊಡ್ಡ ಸೈಕಲ್ ರೇಸನ್ನು ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್: ಒಳಗಾಲನ್ನು 0.883ರಿಂದ ಗುಣಿಸಿದರೆ ಪೆಡಲಿನ ದಂಡ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈಯವರೆಗಿನ ದೂರ ಸಿಗುತ್ತದೆ. ಎರಡನೆಯದು 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಪ್ರಕಟಿಸಿದ್ದು: ಒಳಗಾಲಿನ 109 ಪ್ರತಿಶತ, ಆದರೆ ಇದನ್ನು ಅಳೆಯುವುದು ಕೆಳತುದಿಗೆ ಬಂದ ಪೆಡಲಿನಿಂದ. ಒಳಗಾಲು 76 ಸೆಂಟಿಮೀಟರ್ ಇರುವವರಿಗೆ ಮೊದಲ ಲೆಕ್ಕ 67.1 ಎನ್ನುತ್ತದೆ, ಎರಡನೆಯದು 82.8 ಎನ್ನುತ್ತದೆ, ಅದರಲ್ಲಿ ಪೆಡಲಿನ ದಂಡದ 17 ಸೆಂಟಿಮೀಟರ್ ಕಳೆದರೆ 65.8 ಉಳಿಯುತ್ತದೆ. ಎರಡರ ನಡುವೆ ಒಂದು ಸೆಂಟಿಮೀಟರಿಗೂ ಮೀರಿದ ವ್ಯತ್ಯಾಸ. ಆದ್ದರಿಂದ ಯಾವ ಲೆಕ್ಕವನ್ನೂ ಕೊನೆಯ ಮಾತೆಂದು ನಾನು ಹಿಡಿಯುವುದಿಲ್ಲ. ಪಾದ ದೊಡ್ಡದಿದ್ದವರಿಗೆ, ದಪ್ಪ ಅಟ್ಟೆಯ ಚಪ್ಪಲಿ ಹಾಕುವವರಿಗೆ, ಬೆರಳಿನ ಬುಡದಿಂದ ತುಳಿಯದೆ ಪಾದದ ನಡುವಿನಿಂದ ತುಳಿಯುವವರಿಗೆ ಅದು ಬದಲಾಗುತ್ತದೆ. ಲೆಕ್ಕವೇ ಬೇಡವೆನ್ನುವವರಿಗೆ ಹಳೆಯ ಉಪಾಯ ಒಂದಿದೆ: ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಹಿಂದಕ್ಕೆ ತಿರುಗಿಸಬೇಕು. ಪೆಡಲು ತಳಕ್ಕೆ ಬಂದಾಗ ಕಾಲು ಪೂರ್ತಿ ನೆಟ್ಟಗಾಗಬೇಕು, ಸೊಂಟ ಆ ಕಡೆ ಈ ಕಡೆ ಜಗ್ಗಬಾರದು. ಆಮೇಲೆ ಎಂದಿನಂತೆ ಮುಂಗಾಲಿನಿಂದ ತುಳಿದರೆ ಮಂಡಿಯಲ್ಲಿ ಸಣ್ಣ ಬಾಗು ತಾನಾಗಿ ಉಳಿಯುತ್ತದೆ. ಕಾಲು ತೀರ ಕೆಳಗಿದ್ದಾಗ ಆ ಬಾಗು 25ರಿಂದ 35 ಡಿಗ್ರಿಯೊಳಗೆ ಇರಬೇಕೆಂಬುದು ಇಂದು ಹೆಚ್ಚಿನ ತಜ್ಞರು ಒಪ್ಪುವ ಮಾತು.

ಎಡ್ಡಿ ಮರ್ಕ್ಸ್ ಅವರಂಥ ಸೈಕಲ್ ವೀರರು 1969ರಲ್ಲಿ ಬ್ಲೂವಾ ಊರಿನ ಟ್ರ್ಯಾಕಿನಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ, ನೋವಿಲ್ಲದ ಜಾಗವನ್ನು ಹುಡುಕುತ್ತ ಸೀಟಿನ ಎತ್ತರವನ್ನು ಮತ್ತೆ ಮತ್ತೆ ಬದಲಿಸುತ್ತಿದ್ದರು. ಅವರಿಗೇ ಅದೊಂದು ಮುಗಿಯದ ಹುಡುಕಾಟವಾಗಿದ್ದ ಮೇಲೆ, ಅಂಗಡಿಯಿಂದ ಹೊರಬಂದ ದಿನದ ಸೀಟು ನಮಗೆ ತಾನಾಗಿಯೇ ಸರಿಹೋಗುತ್ತದೆ ಎಂದುಕೊಳ್ಳಲು ಕಾರಣವಿಲ್ಲ.

ಸೀಟು ಎತ್ತುವ ಕೆಲಸಕ್ಕೆ ನಾನು ಹೋಗುವುದು ಕೌಲ್ ಬಜಾರಿನ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿಗೆ. ವರ್ಷಗಟ್ಟಲೆ ಅಲುಗದೆ ಕೂತ ಪಿಲ್ಲರು ಕೊಳವೆಯೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಚಾಚಾ ಬೋಲ್ಟು ಸಡಿಲಿಸಿ, ಸಂದಿಗೆ ಡೀಸೆಲ್ ಬಿಟ್ಟು, ಸೈಕಲ್ಲನ್ನು ನೆರಳಿಗೆ ನಿಲ್ಲಿಸಿ ಬೇರೆ ಕೆಲಸ ನೋಡುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದು, ಸೀಟನ್ನು ಎರಡೂ ಕೈಯಿಂದ ಎಡಕ್ಕೆ ಬಲಕ್ಕೆ ತಿರುವುತ್ತಾರೆ. ಕಿರ್ರೆಂದು ಸದ್ದು ಮಾಡುತ್ತ ಪಿಲ್ಲರು ಬಿಟ್ಟುಕೊಳ್ಳುತ್ತದೆ. ಹೊರತೆಗೆದ ಪಿಲ್ಲರನ್ನು ಮರಳು ಕಾಗದದಿಂದ ತಿಕ್ಕಿ, ಗ್ರೀಸು ಬಳಿದು, ಹಳೆಯ ಮಟ್ಟ ಗುರುತಿಸಿಕೊಂಡು, ಅದರಿಂದ ಮೇಲಕ್ಕೆ ಎತ್ತಿ ಬಿಗಿಯುತ್ತಾರೆ. ಪಿಲ್ಲರಿನ ಮೇಲೆ ಕೊರೆದಿರುವ ಮಿತಿಯ ಗೆರೆ ಕೊಳವೆಯಿಂದ ಹೊರಗೆ ಕಾಣಬಾರದೆಂಬ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಆ ಗೆರೆ ಮೀರಿದರೆ ಪಿಲ್ಲರು ಬಾಗಬಹುದು, ಫ್ರೇಮಿನ ಬೆಸುಗೆಯೇ ಬಿಡಬಹುದು. ಅಷ್ಟು ಎತ್ತರ ಬೇಕಾದವರು ಉದ್ದನೆಯ ಪಿಲ್ಲರನ್ನೇ ಹಾಕಿಸಬೇಕು. ಇಷ್ಟೆಲ್ಲ ಮಾಡಿಕೊಟ್ಟರೂ ಜನ ಉಳಿಸಿಕೊಳ್ಳುವುದಿಲ್ಲವೆಂಬ ಬೇಸರ ಅವರದು. “ಸೀಟು ಎತ್ತಿ ಕೊಟ್ರೆ ಸಾಯಂಕಾಲ ವಾಪಸ್ ಬಂದು ಇಳಿಸ್ರಿ ಅಂತಾರಮ್ಮ. ಬೀಳ್ತೀವಿ ಅಂತ ಹೆದ್ರಿಕೆ ಅವ್ರಿಗೆ” ಎಂದು ಒಮ್ಮೆ ಹೇಳಿದರು.

ಆ ಹೆದರಿಕೆ ಎಲ್ಲಕ್ಕಿಂತ ದೊಡ್ಡ ತೊಡಕು, ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರಬೇಕೆಂದು ನಾವು ಬಯಸುತ್ತೇವೆ. ಪೆಡಲಿನ ಅಚ್ಚು ನೆಲದಿಂದ ಸುಮಾರು 29 ಸೆಂಟಿಮೀಟರ್ ಮೇಲಿದ್ದು, ಪೆಡಲಿನ ದಂಡ 17 ಸೆಂಟಿಮೀಟರ್ ಇದ್ದರೆ, ತೀರ ಕೆಳಗೆ ಬಂದ ಪೆಡಲೂ ನೆಲದಿಂದ 12 ಸೆಂಟಿಮೀಟರ್ ಮೇಲೆಯೇ ಇರುತ್ತದೆ. ಆ ಪೆಡಲಿಗೆ ಕಾಲು ಹೆಚ್ಚುಕಡಿಮೆ ನೆಟ್ಟಗೆ ಚಾಚುವಂತೆ ಸೀಟು ಇದ್ದರೆ, ಅದಕ್ಕಿಂತ ಅಷ್ಟು ಕೆಳಗಿರುವ ನೆಲಕ್ಕೆ ಬೆರಳ ತುದಿ ಮಾತ್ರ ತಾಗಬಹುದು, ಕೆಲವರಿಗೆ ಅದೂ ತಾಗದು. ಪಾದ ಪೂರ್ತಿ ಊರುತ್ತದೆ ಎಂದಾದರೆ ಸೀಟು ಖಂಡಿತ ತಗ್ಗಿದೆ ಎಂದೇ ಅರ್ಥ. “ಕಾಲು ನೆಲಕ್ಕೆ ಎಟಕಂಗಿಲ್ಲ ಟೀಚರ್, ಬಿದ್ದುಬಿಡ್ತೀನಿ” ಎಂದು ಹುಡುಗಿಯರು ಹೇಳಿದಾಗ ನಾನು ಕಲಿಸುವುದು ಸೀಟಿನಿಂದ ಇಳಿಯುವ ರೀತಿಯನ್ನು. ನಿಲ್ಲಬೇಕಾದಾಗ ಸೀಟಿನ ಮೇಲೆಯೇ ಕೂತಿರಬಾರದು. ಬ್ರೇಕು ಹಿಡಿಯುತ್ತ, ಕೆಳಗಿರುವ ಪೆಡಲಿನ ಮೇಲೆ ಭಾರ ಹಾಕಿ, ಮೈಯನ್ನು ಸೀಟಿನಿಂದ ಮುಂದಕ್ಕೆ ಜಾರಿಸಿ, ಇನ್ನೊಂದು ಕಾಲನ್ನು ನೆಲಕ್ಕಿಡಬೇಕು. ಹೊರಡುವಾಗ ಅದರದೇ ತಿರುವು ಕ್ರಮ: ಸೀಟಿನ ಮುಂದೆ ಕಾಲಗಲಿಸಿ ನಿಂತು, ಒಂದು ಪೆಡಲನ್ನು ಮುಂದಕ್ಕೆ ಎತ್ತರದಲ್ಲಿಟ್ಟು, ಅದರ ಮೇಲೆ ಎದ್ದು ನಿಂತಂತೆ ತುಳಿದರೆ ಸೈಕಲ್ ಚಲಿಸುತ್ತದೆ, ಮೈ ತಾನಾಗಿ ಸೀಟಿಗೆ ಬರುತ್ತದೆ. ಬಾರಿಲ್ಲದ ಲೇಡೀಸ್ ಸೈಕಲ್ಲಿನಲ್ಲಿ ಇದು ಇನ್ನೂ ಸುಲಭ. ಶಾಲೆಯ ಮೈದಾನದಲ್ಲಿ ಒಂದು ಸಂಜೆ ಅಭ್ಯಾಸ ಮಾಡಿದರೆ ಮಕ್ಕಳಿಗೆ ಇದು ಬರುತ್ತದೆ. ದೊಡ್ಡವರು ಇನ್ನೊಂದಿಷ್ಟು ಸಮಯ ತೆಗೆದುಕೊಳ್ಳುತ್ತಾರೆ. ತಗ್ಗಿನ ಸೀಟಿಗೆ ಬಹುಕಾಲ ಒಗ್ಗಿಹೋದವರು ಒಮ್ಮೆಲೇ ಎತ್ತಿಸಬಾರದು, ಅರ್ಧ ಸೆಂಟಿಮೀಟರಿನಂತೆ ವಾರಕ್ಕಷ್ಟು ಎತ್ತಿಸಿದರೆ ಸ್ನಾಯುಗಳು ಹೊಂದಿಕೊಳ್ಳುತ್ತವೆ.

ನಮ್ಮ ನೆಲದಲ್ಲಿ ಇದು ಇನ್ನಷ್ಟು ಮುಖ್ಯ. ಬಳ್ಳಾರಿಯಲ್ಲಿ ಬಂಡೆಗುಡ್ಡಗಳಿದ್ದರೂ ದಾರಿಗಳು ಬಹುತೇಕ ಸಮತಟ್ಟು. ಎರೆಹೊಲಗಳ ನಡುವೆ ಚಾಚಿದ ರಸ್ತೆಯಲ್ಲಿ ಇಳಿಜಾರಿನ ಬಿಡುವು ಸಿಗುವುದಿಲ್ಲ, ತುಳಿಯುತ್ತಲೇ ಇರಬೇಕು. ನಿಮಿಷಕ್ಕೆ 60 ಸುತ್ತು ಎಂದುಕೊಂಡರೂ ಅರ್ಧ ಗಂಟೆಯಲ್ಲಿ ಒಂದೊಂದು ಮಂಡಿಯೂ 1,800 ಬಾರಿ ಮಡಚಿ ಬಿಚ್ಚುತ್ತದೆ. ಸೀಟು ತಗ್ಗಿದ್ದರೆ ಪ್ರತಿ ಸುತ್ತಿನ ಮೇಲ್ತುದಿಯಲ್ಲಿ ಮಂಡಿ ಅತಿಯಾಗಿ ಮಡಚಿದ ಸ್ಥಿತಿಯಲ್ಲೇ ಒತ್ತಬೇಕಾಗುತ್ತದೆ, ಆಗ ಚಿಪ್ಪಿನ ಮೇಲಿನ ಒತ್ತಡ ಏರುತ್ತದೆ. ಮಂಡಿಯ ಮುಂಭಾಗದಲ್ಲಿ ನೋವಿದ್ದರೆ ಮೊದಲು ಅನುಮಾನಿಸಬೇಕಾದದ್ದು ತಗ್ಗಿನ ಸೀಟನ್ನು ಅಥವಾ ತೀರ ಮುಂದಕ್ಕೆ ಸರಿದ ಸೀಟನ್ನು. ಮಂಡಿಯ ಹಿಂಭಾಗದಲ್ಲಿ ಎಳೆತವಿದ್ದರೆ ಸೀಟು ಎತ್ತರವಾಗಿದೆ, ಇಲ್ಲವೇ ಹಿಂದಕ್ಕಿದೆ. ತುಳಿಯುವವರ ಹಿಂದೆ ನಿಂತು ನೋಡಿದಾಗ ಸೊಂಟ ಎರಡೂ ಕಡೆಗೆ ತೂಗುತ್ತಿದ್ದರೆ ಎತ್ತರ ಮೀರಿದೆ ಎಂದು ತಿಳಿಯಬೇಕು. ಒಮ್ಮೆಗೆ ಒಂದನ್ನೇ ಬದಲಿಸಿ, ಕೆಲವು ದಿನ ತುಳಿದು ನೋಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕಬೇಕು. ಎಲ್ಲವನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಎಲ್ಲ ಸರಿಯಿದ್ದೂ ನೋವು ಬಿಡದಿದ್ದರೆ ಮೂಳೆ ವೈದ್ಯರನ್ನು ಕಾಣಬೇಕಾದದ್ದು ಸಹಜವೇ.

ಹ್ಯಾಂಡಲ್ಲಿನ ಮಾತು ಬಂದರೆ ಆಷಾಢದ ಗಾಳಿಯನ್ನು ನೆನೆಯಲೇಬೇಕು. ಕುಡತಿನಿಯ ಕಡೆಗೆ ಮುಖಮಾಡಿ ಹೊರಟರೆ ಆ ಗಾಳಿ ಎದೆಗೆ ಕೈಕೊಟ್ಟು ತಡೆಯುತ್ತದೆ. ಬಾಗಿದವರಿಗೆ ಗಾಳಿ ಕಡಿಮೆ ತಾಗುತ್ತದೆ ಎಂಬುದು ನಿಜ, ಹಾಗೆಂದು ದಿನನಿತ್ಯದ ಸವಾರಿಗೆ ಹ್ಯಾಂಡಲ್ಲನ್ನು ತಗ್ಗಿಸಿಕೊಂಡರೆ ಕುತ್ತಿಗೆ ಮತ್ತು ಅಂಗೈ ಸೋಲುತ್ತವೆ. ಹ್ಯಾಂಡಲ್ ಸೀಟಿನ ಮಟ್ಟದಲ್ಲೋ ಅದಕ್ಕಿಂತ ಒಂದೆರಡು ಬೆರಳು ಮೇಲೋ ಇದ್ದು, ಮೊಣಕೈಗಳು ಸಡಿಲವಾಗಿ ಬಾಗಿರಬೇಕು. ಗಾಳಿ ಬಂದಾಗ ಮೊಣಕೈಯನ್ನು ಇನ್ನಷ್ಟು ಮಡಚಿ ತಲೆ ತಗ್ಗಿಸುವುದು ಆಗ ಸಾಧ್ಯವಾಗುತ್ತದೆ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಜೋಮು ಹಿಡಿಯುವುದು ಅಂಗೈಯ ಬುಡದಲ್ಲಿ ಹಾದುಹೋಗುವ ನರದ ಮೇಲೆ ಭಾರ ಬಿದ್ದಾಗ. ಆಗ ಜನ ಮೊದಲು ದಪ್ಪ ಗ್ರಿಪ್ಪು ಕೊಳ್ಳುತ್ತಾರೆ. ಅನೇಕ ಸಲ ಕಾರಣ ಸೀಟಿನಲ್ಲಿರುತ್ತದೆ: ಅದರ ಮೂತಿ ಕೆಳಕ್ಕೆ ವಾಲಿದ್ದರೆ ಮೈ ಸದಾ ಮುಂದಕ್ಕೆ ಜಾರುತ್ತ, ಅದನ್ನು ತಡೆಯುವ ಕೆಲಸ ಕೈಗಳ ಪಾಲಿಗೆ ಬರುತ್ತದೆ. ಸೀಟನ್ನು ಮಟ್ಟಕ್ಕೆ ತಂದರೆ ಅಂಗೈ ಹಗುರಾಗುತ್ತದೆ. ಹೆಂಗಸರಿಗೂ ಮಕ್ಕಳಿಗೂ ಇನ್ನೊಂದು ವಿಷಯ ತಿಳಿದಿರಬೇಕು. ತಂತಿ ಬ್ರೇಕಿನ ಅನೇಕ ಸೈಕಲ್ಲುಗಳ ಬ್ರೇಕ್ ಹಿಡಿಯಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ ಹಿಡಿ ಬೆರಳಿಗೆ ಹತ್ತಿರ ಬರುತ್ತದೆ. ಸಣ್ಣ ಕೈಯವರಿಗೆ ಅದು ಸುರಕ್ಷತೆಯ ಪ್ರಶ್ನೆ, ಆದರೂ ಮಾರುವವರು ತಾವಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಸೀಟಿನ ಆಯ್ಕೆಯಲ್ಲಿ ಹೆಂಗಸರು ಪಡುವ ಪಾಡು ಮಾತಿಗೆ ಬರುವುದೇ ಕಡಿಮೆ. ಹೇಳಿಕೊಳ್ಳಲು ಸಂಕೋಚ, ಕೇಳುವವರಿಗೂ ಸಂಕೋಚ. ಕೊನೆಗೆ ಸೈಕಲ್ಲನ್ನೇ ಬಿಟ್ಟುಬಿಡುತ್ತಾರೆ. ನಮ್ಮ ಮೈಭಾರವನ್ನು ಹೊರಬೇಕಾದದ್ದು ಕುಂಡಿಯ ಕೆಳಗಿನ ಎರಡು ಎಲುಬಿನ ತುದಿಗಳು. ಹೆಂಗಸರಲ್ಲಿ ಇವುಗಳ ನಡುವಿನ ಅಂತರ ಗಂಡಸರಿಗಿಂತ ಸಾಮಾನ್ಯವಾಗಿ ಹೆಚ್ಚು. ಸೀಟು ಅದಕ್ಕಿಂತ ಕಿರಿದಾಗಿದ್ದರೆ ಎಲುಬುಗಳು ಅಂಚಿನಾಚೆ ಉಳಿದು, ಭಾರವೆಲ್ಲ ನಡುವಿನ ಮೃದು ಭಾಗದ ಮೇಲೆ ಬೀಳುತ್ತದೆ. ಉರಿ ಮತ್ತು ಜೋಮು ಬರುವುದು ಅಲ್ಲಿಂದ. ಅಂತರವನ್ನು ಮನೆಯಲ್ಲೇ ತಿಳಿಯಬಹುದು. ಗಟ್ಟಿ ಸ್ಟೂಲಿನ ಮೇಲೆ ಪೆಟ್ಟಿಗೆಯ ದಪ್ಪ ರಟ್ಟನ್ನು ಹಾಕಿ, ತೆಳು ಬಟ್ಟೆಯಲ್ಲಿ ಕುಳಿತು, ಸ್ವಲ್ಪ ಮುಂದಕ್ಕೆ ಬಾಗಿ ಒಂದು ನಿಮಿಷ ಬಿಟ್ಟು ಎದ್ದರೆ ರಟ್ಟಿನಲ್ಲಿ ಎರಡು ಕುಳಿಗಳು ಕಾಣುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆದು, ಅದಕ್ಕೆ ಎರಡು ಮೂರು ಸೆಂಟಿಮೀಟರ್ ಸೇರಿಸಿದರೆ ಬೇಕಾದ ಅಗಲದ ಅಂದಾಜು ಸಿಗುತ್ತದೆ. ನೆಟ್ಟಗೆ ಕೂರುವವರಿಗೆ ಇನ್ನಷ್ಟು ಅಗಲ ಬೇಕು. ಮೆತ್ತಗಿದ್ದಷ್ಟೂ ಒಳ್ಳೆಯದೆಂದು ದಪ್ಪ ಸ್ಪಂಜಿನ ಕವರು ಹಾಕುವುದನ್ನು ನಾನು ಒಪ್ಪುವುದಿಲ್ಲ. ಎಲುಬು ಅದರಲ್ಲಿ ಹೂತುಹೋಗಿ ನಡುವಿನ ಸ್ಪಂಜು ಮೇಲಕ್ಕೆ ಒತ್ತುತ್ತದೆ, ಜೊತೆಗೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬೆವರು ನಿಂತು ಚರ್ಮ ಸುಲಿಯುತ್ತದೆ.

ಹೊಸದಾಗಿ ಕೊಳ್ಳುವವರು ನೋಡಬೇಕಾದದ್ದು ಇಷ್ಟು. ಕಡಿಮೆ ಬೆಲೆಯ ಗೇರ್ ಸೈಕಲ್ಲುಗಳು ಹಲವು ಸಲ ಒಂದೇ ಫ್ರೇಮಿನ ಅಳತೆಯಲ್ಲಿ ಬರುತ್ತವೆ, ಹಾಗಾಗಿ ಏರಿ ನಿಂತು ನೋಡದೆ ದುಡ್ಡು ಕೊಡಬಾರದು. ಬಾರಿಗೂ ಮೈಗೂ ನಡುವೆ ಎರಡು ಮೂರು ಬೆರಳಾದರೂ ಜಾಗ ಬೇಕು. ಸ್ಮಾಲ್, ಮೀಡಿಯಂ ಎಂಬ ಚೀಟಿಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಸಣ್ಣ ಫ್ರೇಮಿಗೆ ದೊಡ್ಡ ಚಕ್ರ ಹಾಕಿದ್ದರೆ ತಿರುವಿನಲ್ಲಿ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗುವುದುಂಟು, ಅದನ್ನು ಅಂಗಡಿಯ ಮುಂದೆಯೇ ತಿರುಗಿಸಿ ನೋಡಬೇಕು. ಐದು ಅಡಿಗಿಂತ ಕುಳ್ಳಾಗಿರುವ ಹೆಂಗಸರಿಗೆ 24 ಇಂಚಿನ ಚಕ್ರದ ಸೈಕಲ್ಲು 26ರದಕ್ಕಿಂತ ಚೆನ್ನಾಗಿ ಹೊಂದಬಹುದು. ಅದು ಮಕ್ಕಳದೆಂದು ಸಂಕೋಚಪಡುವುದು ಬೇಡ. ದೊಡ್ಡವರ ಸೈಕಲ್ಲುಗಳಲ್ಲಿ ಪೆಡಲಿನ ದಂಡ ಬಹುತೇಕ 170 ಮಿಲಿಮೀಟರೇ ಆಗಿರುತ್ತದೆ, ಗಿಡ್ಡ ಕಾಲಿಗೆ ಅದು ಉದ್ದವೇ. ಚಿಕ್ಕ ದಂಡ ಸಿಕ್ಕಿ ಹಾಕಿಸಿದರೆ ಅಷ್ಟೇ ಮಿಲಿಮೀಟರ್ ಸೀಟನ್ನು ಮೇಲೆತ್ತಬೇಕು.

ಇಷ್ಟೆಲ್ಲ ಆದ ಮೇಲೂ ನಮ್ಮ ಮನೆಗಳಲ್ಲಿ ಒಂದು ತೊಡಕು ಉಳಿಯುತ್ತದೆ. ಮನೆಗೆ ಒಂದೇ ಸೈಕಲ್ಲು, ತುಳಿಯುವವರು ಮೂವರು. ಮಗಳು ಶಾಲೆಗೆ ಹೋಗಿ ಬಂದ ಮೇಲೆ ತಂದೆ ಹೊಲಕ್ಕೆ ಒಯ್ಯುತ್ತಾನೆ, ಸಂಜೆ ತಾಯಿ ಗಿರಣಿಗೆ ಒಯ್ಯುತ್ತಾಳೆ, ಮೂವರಲ್ಲಿ ಗಿಡ್ಡನೆಯವರಿಗೆ ತಕ್ಕಂತೆ ಸೀಟು ತಳದಲ್ಲೇ ಇರುತ್ತದೆ. ಇದಕ್ಕೆ ಚಾಚಾ ಕಂಡುಕೊಂಡ ಪರಿಹಾರ ನನಗೆ ತುಂಬ ಹಿಡಿಸಿದೆ. ಸೀಟಿನ ಬೋಲ್ಟು ತೆಗೆದು, ಕೈಯಲ್ಲೇ ಬಿಚ್ಚಿ ಬಿಗಿಯುವ ಹಿಡಿ ಇರುವ ಕ್ಲಾಂಪು ಹಾಕುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ, ಹಿಮ್ಮಡಿ ಪೆಡಲಿಗೆ ಎಟುಕುವುದನ್ನು ನೋಡಿ, ಪಿಲ್ಲರಿನ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಗೆರೆ ಹಾಕುತ್ತಾರೆ. ಏರುವ ಮುನ್ನ ತಮ್ಮ ಬಣ್ಣದ ಗೆರೆ ಕೊಳವೆಯ ಬಾಯಿಗೆ ಬರುವಂತೆ ಎತ್ತಿ, ಹಿಡಿ ಒತ್ತಿ, ಸೀಟನ್ನು ಒಮ್ಮೆ ಎಡಕ್ಕೆ ಬಲಕ್ಕೆ ತಿರುವಿ ಅಲುಗುವುದಿಲ್ಲವೆಂದು ನೋಡಿಕೊಳ್ಳಬೇಕು. ಪಿಲ್ಲರಿಗೆ ಗ್ರೀಸು ಇರುವುದರಿಂದ ಮೊದಲ ಕೆಲವು ದಿನ ಅದು ಮೆಲ್ಲಗೆ ಕೆಳಗಿಳಿಯುವುದುಂಟು. ಹಾಗಾದರೆ ಹಿಡಿಯ ಎದುರಿನ ನಟ್ಟನ್ನು ಅರ್ಧ ಸುತ್ತು ಬಿಗಿಮಾಡಿದರೆ ಸಾಕು.